ಲಿವರಿನ ಒಳಗೇ ಹರಳು ಕಟ್ಟಿದಾಗ: ಆಪರೇಷನ್ ಯಾಕೆ, ಯಾವುದು, ಆಮೇಲೇನು

"ಅಲ್ರೀ ಡಾಕ್ಟ್ರ, ಹೋದ ಸಲ ಪಿತ್ತದ ಚೀಲಾನೇ ತಗದ್ರು. ಮತ್ತ ಹಳ್ಳು ಎಲ್ಲಿಂದ ಬಂದ್ವು?"

ಬೆಳಗಾವಿಯಲ್ಲಿ ಸರ್ಜರಿ ಒಪಿಡಿ ನೋಡುವ ನಮ್ಮಂಥವರಿಗೆ ಈ ಪ್ರಶ್ನೆ ಹೊಸದಲ್ಲ. ಗೋಕಾಕ, ಅಥಣಿ, ಜಮಖಂಡಿ, ಮುದ್ದೇಬಿಹಾಳ, ಎಲ್ಲ ಕಡೆಯಿಂದಲೂ ಜನ ಸ್ಕ್ಯಾನಿಂಗ್ ಫಿಲ್ಮಿನ ದೊಡ್ಡ ಕವರ್ ಹಿಡಿದುಕೊಂಡು ಬರುತ್ತಾರೆ. ಅವರು ಕೇಳುವುದರಲ್ಲಿ ಅರ್ಥವಿದೆ. ಪಿತ್ತಕೋಶ ತೆಗೆಸಿಕೊಂಡವರಿಗೂ ಪಿತ್ತದ ಹರಳು ಆಗಬಹುದು, ಯಾಕಂದ್ರೆ ಹರಳು ಕಟ್ಟುವ ಜಾಗ ಒಂದೇ ಅಲ್ಲ. ಕೆಲವರಿಗೆ ಅದು ಲಿವರಿನ ಒಳಗಿರುವ ನಾಳಗಳಲ್ಲೇ ಕಟ್ಟುತ್ತದೆ. ನಮ್ಮ ಕಡೆ ಇದು ಪಿತ್ತಕೋಶದ ಹರಳಿನಷ್ಟು ಸಾಮಾನ್ಯವಲ್ಲ. ಆದರೆ ಬಂದರೆ ವರ್ಷಗಟ್ಟಲೆ ಕಾಡುತ್ತದೆ. ಇದರ ಆಪರೇಷನ್ ಬಗ್ಗೆ ಮನೆಯವರಿಗೆ ಕೂತು ಬಿಡಿಸಿ ಹೇಳಲು ವಾರ್ಡಿನಲ್ಲಿ ಪುರಸೊತ್ತು ಸಿಗುವುದು ಕಡಿಮೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪಿತ್ತದ ದಾರಿ ನೋಡೋಣ.

ಪಿತ್ತ ತಯಾರಾಗುವುದು ಪಿತ್ತಕೋಶದಲ್ಲಿ ಅಲ್ಲ, ಲಿವರಿನಲ್ಲಿ. ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರ್ ತನಕ. ಪಿತ್ತಕೋಶ ಅದನ್ನು ಸ್ವಲ್ಪ ಹೊತ್ತು ಕೂಡಿಡುವ ಚೀಲ ಅಷ್ಟೇ. ಅದರಲ್ಲಿ ಹಿಡಿಯುವುದು 30ರಿಂದ 50 ಮಿಲಿಲೀಟರ್. ಊಟ ಒಳಗೆ ಹೋದಾಗ, ಅದರಲ್ಲೂ ಎಣ್ಣೆ ತುಪ್ಪ ಇದ್ದಾಗ, ಚೀಲ ಹಿಂಡಿಕೊಂಡು ಪಿತ್ತವನ್ನು ಸಣ್ಣ ಕರುಳಿಗೆ ಬಿಡುತ್ತದೆ. ಚೀಲ ತೆಗೆದರೂ ಲಿವರ್ ಪಿತ್ತ ಮಾಡುವುದನ್ನು ನಿಲ್ಲಿಸುವುದಿಲ್ಲ. ಅದು ನೇರವಾಗಿ ಕರುಳಿಗೆ ಹರಿಯುತ್ತದೆ.

ಹರಿಯುವ ದಾರಿ ಅರ್ಥವಾಗಬೇಕಾದರೆ ನಮ್ಮ ಕೃಷ್ಣೆಯನ್ನೇ ನೆನೆಸಿಕೊಳ್ಳಿ. ಹಳ್ಳಕೊಳ್ಳ ಕೂಡಿ ಘಟಪ್ರಭಾ, ಮಲಪ್ರಭಾ ಆಗುತ್ತವೆ. ಅವು ಮುಂದೆ ಕೃಷ್ಣೆಯನ್ನು ಸೇರುತ್ತವೆ. ಲಿವರಿನಲ್ಲೂ ಬರಿಗಣ್ಣಿಗೆ ಕಾಣದಷ್ಟು ಸಣ್ಣ ನಾಳಗಳು ಒಂದಕ್ಕೊಂದು ಕೂಡುತ್ತ ಎಡನಾಳ, ಬಲನಾಳ ಆಗುತ್ತವೆ. ಲಿವರಿನ ಬಾಗಿಲಲ್ಲಿ ಎರಡೂ ಸೇರಿ ಒಂದೇ ನಾಳವಾಗಿ ಕರುಳಿನ ಕಡೆ ಇಳಿಯುತ್ತದೆ. ಅದರ ಅಗಲ ಸುಮಾರು 6 ಮಿಲಿಮೀಟರ್. ಈಗ ಹೊಳೆಗೆ ಅಡ್ಡ ಕಟ್ಟೆ ಕಟ್ಟಿದರೆ ಏನಾಗುತ್ತದೆ? ಹಿಂದೆ ನೀರು ನಿಲ್ಲುತ್ತದೆ, ನಿಂತ ನೀರಿನ ತಳದಲ್ಲಿ ಹೂಳು ಕೂರುತ್ತದೆ. ಆಲಮಟ್ಟಿಯ ಹಿನ್ನೀರಿನ ದಂಡೆಯಲ್ಲಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಲಿವರಿನ ನಾಳವೂ ಅಷ್ಟೇ. ಎಲ್ಲೋ ಒಂದು ಕಡೆ ಕಿರಿದಾದರೆ ಅದರ ಹಿಂದಿನ ನಾಳ ಉಬ್ಬುತ್ತದೆ, ಪಿತ್ತ ನಿಲ್ಲುತ್ತದೆ, ಹರಳು ಕೂರುತ್ತದೆ.

ಪಿತ್ತದ ಹರಳು ಮೂರು ಜಾಗದಲ್ಲಿ ಇರಬಹುದು. ಚೀಲದಲ್ಲಿ, ಲಿವರಿನಿಂದ ಹೊರಗಿರುವ ದೊಡ್ಡ ನಾಳದಲ್ಲಿ, ಇಲ್ಲವೇ ಲಿವರಿನ ಒಳನಾಳಗಳಲ್ಲಿ. ಚೀಲದ್ದು ಎಲ್ಲಕ್ಕಿಂತ ಜಾಸ್ತಿ. ಅಲ್ಲಿಂದ ಕೆಲವು ಹರಳು ಜಾರಿ ದೊಡ್ಡ ನಾಳಕ್ಕೆ ಬರುತ್ತವೆ. ಚೀಲದಲ್ಲಿ ಹರಳಿರುವ ನೂರು ಜನರಲ್ಲಿ ಸುಮಾರು 10ರಿಂದ 15 ಜನರಿಗೆ ಹೀಗಾಗುತ್ತದೆ. ಈ ಎರಡಕ್ಕೂ ಚಿಕಿತ್ಸೆ ಈಗ ಸಲೀಸು. ಪಿತ್ತಕೋಶವನ್ನು ಮೊದಲ ಸಲ ತೆಗೆದದ್ದು 1882ರಲ್ಲಿ, ಬರ್ಲಿನ್ನಿನ ಸರ್ಜನ್ ಕಾರ್ಲ್ ಲಾಂಗೆನ್‌ಬುಖ್. ಆಗ ಹೊಟ್ಟೆ ಕೊಯ್ಯಬೇಕಿತ್ತು. 1990ರಲ್ಲಿ ಮುಂಬೈಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ನಮ್ಮ ದೇಶದಲ್ಲಿ ಮೊದಲ ಸಲ ಅದನ್ನು ದೂರ್ಬೀನಿನಿಂದ, ಅಂದರೆ ಲ್ಯಾಪ್ರೋಸ್ಕೋಪಿಯಿಂದ, ಮಾಡಿದರು. ಈಗ ನಮ್ಮ ಜಿಲ್ಲೆಗಳಲ್ಲೂ ಅದು ದಿನನಿತ್ಯದ ಆಪರೇಷನ್. ಒಳನಾಳದ ಹರಳಿನ ಕಥೆಯೇ ಬೇರೆ.

ಹರಳಿನ ಜಾತಿಯೇ ಬೇರೆ ಇರುತ್ತದೆ. ಚೀಲದಲ್ಲಿ ಕಟ್ಟುವುದು ಹೆಚ್ಚಾಗಿ ಕೊಲೆಸ್ಟ್ರಾಲಿನ ಹರಳು, ಗಟ್ಟಿ. ಒಳನಾಳದಲ್ಲಿ ಕಟ್ಟುವುದು ಸಾಮಾನ್ಯವಾಗಿ ಕಂದು ಬಣ್ಣದ್ದು, ಮೆತ್ತಗೆ ಇರುತ್ತದೆ, ಒತ್ತಿದರೆ ಪುಡಿಯಾಗುತ್ತದೆ. ಇದು ಕಟ್ಟುವುದಕ್ಕೆ ಎರಡು ಸಂಗತಿ ಕೂಡಬೇಕು: ಪಿತ್ತ ನಿಲ್ಲಬೇಕು, ಅದರಲ್ಲಿ ಸೋಂಕು ಆಗಬೇಕು. ಕರುಳಿನ ಬ್ಯಾಕ್ಟೀರಿಯಾಗಳು, ಮುಖ್ಯವಾಗಿ ಇ. ಕೊಲೈ, ನಾಳ ಹತ್ತಿ ಮೇಲೆ ಬರುತ್ತವೆ. ಅವು ಬಿಡುವ ಒಂದು ಕಿಣ್ವ ಪಿತ್ತದಲ್ಲಿ ಕರಗಿರುವ ಬಿಲಿರುಬಿನ್ ಎಂಬ ಹಳದಿ ಬಣ್ಣದ ವಸ್ತುವನ್ನು ಕರಗದ ರೂಪಕ್ಕೆ ತಿರುಗಿಸುತ್ತದೆ. ಅದು ಕ್ಯಾಲ್ಸಿಯಂ ಜೊತೆ ಸೇರಿ ಗಸಿಯಾಗಿ ಕೂರುತ್ತದೆ. ಗಸಿ ಹರಳಾಗುತ್ತದೆ. ಹರಳು ನಾಳದ ಗೋಡೆಯನ್ನು ಉಜ್ಜಿ ಉಜ್ಜಿ ಗಾಯ ಮಾಡುತ್ತದೆ. ಗಾಯ ಮಾಯುವಾಗ ನಾಳ ಇನ್ನಷ್ಟು ಕಿರಿದಾಗುತ್ತದೆ. ಕಿರಿದಾದಷ್ಟೂ ಪಿತ್ತ ಜಾಸ್ತಿ ನಿಲ್ಲುತ್ತದೆ, ಮತ್ತೆ ಸೋಂಕು, ಮತ್ತೆ ಹರಳು.

ಈ ಚಕ್ರವನ್ನು ನೆನಪಿಟ್ಟುಕೊಳ್ಳಿ. ಇದರ ಆಪರೇಷನ್ನುಗಳೆಲ್ಲ ಈ ಚಕ್ರವನ್ನು ಎಲ್ಲಿ ತುಂಡರಿಸಬೇಕು ಅನ್ನುವುದರ ಮೇಲೇ ನಿಂತಿವೆ. ಬರೀ ಹರಳು ತೆಗೆದು, ಕಿರಿದಾದ ನಾಳವನ್ನು ಹಾಗೇ ಬಿಟ್ಟರೆ ಹರಳು ಮತ್ತೆ ಬರುತ್ತದೆ. ನಾನು ಮನೆಯವರಿಗೆ ಮೊದಲು ಹೇಳುವುದೂ ಇದನ್ನೇ: ಇಲ್ಲಿ ರೋಗ ಇರುವುದು ಹರಳಿನಲ್ಲಿ ಅಲ್ಲ, ನಾಳದಲ್ಲಿ.

ಪೂರ್ವ ಏಷ್ಯಾದಲ್ಲಿ, ಅಂದರೆ ಚೀನಾ, ಕೊರಿಯಾ, ತೈವಾನ್ ಕಡೆ, ಈ ರೋಗ ಬಹಳ. 1930ರಲ್ಲಿ ಹಾಂಗ್‌ಕಾಂಗ್‌ನಲ್ಲಿದ್ದ ಡಿಗ್ಬಿ ಎಂಬ ಸರ್ಜನ್ ಇದರ ಬಗ್ಗೆ ಬರೆದರು. ಮುಂದೆ ಇದಕ್ಕೆ ಹಾಂಗ್‌ಕಾಂಗ್ ರೋಗ ಎಂಬ ಹೆಸರೇ ಬಿತ್ತು. ಅಲ್ಲಿ ಹಸಿ ಮೀನಿನಿಂದ ಬರುವ ಒಂದು ಚಪ್ಪಟೆ ಹುಳು ಪಿತ್ತನಾಳದಲ್ಲಿ ಮನೆ ಮಾಡುತ್ತದೆ. ನಮ್ಮಲ್ಲಿ ಆ ತೊಂದರೆ ಇಲ್ಲ. ನಮ್ಮ ದೇಶದಲ್ಲಿ ಕಾಶ್ಮೀರ, ಬಂಗಾಳ, ಈಶಾನ್ಯದ ರಾಜ್ಯಗಳಲ್ಲಿ ಒಳನಾಳದ ಹರಳು ಹೆಚ್ಚು ಕಾಣುತ್ತದೆ. ಅಲ್ಲಿ ಮುಖ್ಯ ಆರೋಪಿ ಜಂತುಹುಳು. ಕರುಳಿನಲ್ಲಿರುವ ಉದ್ದನೆಯ ದುಂಡುಹುಳು ಪಿತ್ತನಾಳದ ಬಾಯಿಯಿಂದ ಮೇಲೆ ಹತ್ತಿ ಹೋಗುತ್ತದೆ. ಅಲ್ಲಿ ಸತ್ತರೆ ಅದರ ಸುತ್ತಲೇ ಹರಳು ಕಟ್ಟುತ್ತದೆ. ಶಾಲೆ, ಅಂಗನವಾಡಿಯಲ್ಲಿ ಮಕ್ಕಳಿಗೆ ಅಲ್ಬೆಂಡಜೋಲ್ ಗುಳಿಗೆ ಕೊಡುತ್ತಾರಲ್ಲ, ಅದನ್ನು ತಪ್ಪಿಸಬೇಡಿ ಎಂದು ಹೇಳುವುದಕ್ಕೆ ಇದೂ ಒಂದು ಕಾರಣ.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ನಾವು ನೋಡುವವರಲ್ಲಿ ಮೂರು ಬಗೆಯವರಿರುತ್ತಾರೆ. ಒಂದು, ಹಿಂದೆ ಪಿತ್ತಕೋಶದ ಆಪರೇಷನ್ ವೇಳೆ ನಾಳಕ್ಕೆ ಪೆಟ್ಟಾಗಿ ಅದು ಕಿರಿದಾದವರು. ಎರಡು, ಹುಟ್ಟಿನಿಂದಲೇ ಪಿತ್ತನಾಳ ಅಲ್ಲಲ್ಲಿ ಚೀಲದಂತೆ ಉಬ್ಬಿದವರು. ಮೂರು, ಯಾವ ಕಾರಣವೂ ಸ್ಪಷ್ಟವಾಗಿ ಸಿಗದೆ ಒಂದು ಭಾಗದ ನಾಳ ಮಾತ್ರ ಹಾಳಾದವರು. ಹೆಚ್ಚಾಗಿ ಹಾಳಾಗುವುದು ಎಡಭಾಗ. ಎಡನಾಳ ಉದ್ದ, ಅಡ್ಡಡ್ಡವಾಗಿ ಮಲಗಿಕೊಂಡು ಬರುತ್ತದೆ. ಅಲ್ಲಿ ಪಿತ್ತ ಸರಾಗವಾಗಿ ಇಳಿಯುವುದು ಕಷ್ಟ.

ಲಕ್ಷಣಗಳ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದ್ರೆ ಜೀವ ಹೋಗುವುದು ಹರಳಿನಿಂದಲ್ಲ, ತಡದಿಂದ.

ಮೇಲ್ಹೊಟ್ಟೆಯಲ್ಲಿ ನೋವು, ಗಡಗಡ ನಡುಗಿಸುವ ಚಳಿಜ್ವರ, ಕಣ್ಣು ಹಳದಿ. ಈ ಮೂರೂ ಕೂಡಿದರೆ ಪಿತ್ತನಾಳದಲ್ಲಿ ಸೋಂಕು ಆಗಿದೆ ಎಂದೇ ತಿಳಿಯಬೇಕು. 1877ರಲ್ಲಿ ಫ್ರಾನ್ಸಿನ ವೈದ್ಯ ಶಾರ್ಕೋ ಗುರುತಿಸಿದ ಈ ಮೂರು ಲಕ್ಷಣಗಳನ್ನು ಇವತ್ತಿಗೂ ಪ್ರತಿ ವೈದ್ಯ ವಿದ್ಯಾರ್ಥಿಯೂ ಬಾಯಿಪಾಠ ಮಾಡುತ್ತಾನೆ. ಇದರ ಮೇಲೆ ಬಿಪಿ ಇಳಿದು, ರೋಗಿ ಏನೇನೋ ಬಡಬಡಿಸತೊಡಗಿದರೆ ಸೋಂಕು ರಕ್ತಕ್ಕೆ ಸೇರಿದೆ. ಆಗ ಲೆಕ್ಕ ಗಂಟೆಗಳಲ್ಲಿ.

"ಅವ್ವ ರಾತ್ರಿ ಎರಡು ರಗ್ಗು ಹೊದ್ರೂ ನಡಗಾಕತ್ತಿದ್ಲು ರೀ, ಮುಂಜಾನಿ ಅರಾಮ ಆದ್ಲು" ಎಂದು ಮಗ ಹೇಳುತ್ತಾನೆ. ಮುಂಜಾನೆ ಆರಾಮ ಆದದ್ದೇ ಮೋಸ. ಹರಳು ಸ್ವಲ್ಪ ಸರಿದಾಗ ಪಿತ್ತ ಇಳಿಯುತ್ತದೆ, ಜ್ವರ ಬಿಡುತ್ತದೆ. ಮತ್ತೆ ಅಡ್ಡ ಬಂದಾಗ ಮತ್ತೆ ಚಳಿ. ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ ಹೀಗೆ ಬರುವ ಜ್ವರಕ್ಕೆ ಊರಲ್ಲಿ ಮಲೇರಿಯಾ, ಟೈಫಾಯ್ಡ್ ಎಂದು ಗುಳಿಗೆ ನಡೆಯುತ್ತಿರುತ್ತದೆ. ಒಂದು ಸ್ಕ್ಯಾನಿಂಗ್ ಮಾಡಿಸಿದ್ದರೆ ವರ್ಷ ಉಳಿಯುತ್ತಿತ್ತು.

ಇನ್ನೊಂದು, ಕಾಮಣಿ ಔಷಧ. ಕಣ್ಣು ಹಳದಿಯಾದ ಕೂಡಲೇ ಸೊಪ್ಪಿನ ರಸ ಕುಡಿಸುವುದು, ಮೂಗಿಗೆ ಹನಿ ಹಾಕಿಸುವುದು, ರಟ್ಟೆಗೆ ಬರೆ ಹಾಕಿಸುವುದು ನಮ್ಮ ಕಡೆ ಇನ್ನೂ ಇದೆ. ವೈರಸ್ಸಿನಿಂದ ಬಂದ ಕಾಮಣಿ ಬಹಳ ಜನರಿಗೆ ತಾನಾಗಿಯೇ ವಾಸಿಯಾಗುತ್ತದೆ, ಹೆಸರು ಔಷಧಕ್ಕೆ ಬರುತ್ತದೆ. ಆದರೆ ನಾಳ ಕಟ್ಟಿ ಬಂದ ಕಾಮಣಿ ಯಾವ ಸೊಪ್ಪಿಗೂ ಬಗ್ಗುವುದಿಲ್ಲ. ಎರಡನ್ನೂ ಮನೆಯಲ್ಲೇ ಸ್ವಲ್ಪ ಮಟ್ಟಿಗೆ ಗುರುತಿಸಬಹುದು. ನಾಳ ಕಟ್ಟಿದಾಗ ಮೂತ್ರ ಕಡು ಹಳದಿಯಾಗುತ್ತದೆ, ಮಲ ಬಿಳಿಚಿಕೊಳ್ಳುತ್ತದೆ, ಮೈಯೆಲ್ಲ ಕಡಿತ ಶುರುವಾಗುತ್ತದೆ. ಚಳಿಜ್ವರವೂ ಇದ್ದರೆ ಅಮಾವಾಸ್ಯೆ, ಮಂಗಳವಾರ ನೋಡಬೇಡಿ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಬನ್ನಿ.

ಬಾಳೆದಿಂಡಿನ ರಸದ ಬಗ್ಗೆಯೂ ಕೇಳುತ್ತಾರೆ. ಜನ ಅದನ್ನು ಕುಡಿಯುವುದು ಮೂತ್ರಪಿಂಡದ ಹರಳಿಗೆ. ಮೂತ್ರದ ದಾರಿಗೂ ಪಿತ್ತದ ದಾರಿಗೂ ಸಂಬಂಧವೇ ಇಲ್ಲ. ಪಿತ್ತದ ಹರಳು ಕರಗಿಸುವ ಗುಳಿಗೆ ಎಂದು ಅಂಗಡಿಯಲ್ಲಿ ಸಿಗುವ ಅರ್ಸೋಡಿಆಕ್ಸಿಕೋಲಿಕ್ ಆಸಿಡ್ ಕೂಡ ಸಣ್ಣ ಕೊಲೆಸ್ಟ್ರಾಲ್ ಹರಳಿನ ಮೇಲೆ ಅಷ್ಟಿಷ್ಟು ಕೆಲಸ ಮಾಡುತ್ತದೆಯೇ ಹೊರತು ಈ ಕಂದು ಹರಳನ್ನು ಕರಗಿಸುವುದಿಲ್ಲ.

ಆಸ್ಪತ್ರೆಗೆ ಬಂದ ಮೇಲೆ ನೇರ ಆಪರೇಷನ್ ಟೇಬಲ್ಲಿಗೆ ಒಯ್ಯುವುದಿಲ್ಲ. ಕೀವು ತುಂಬಿದ ನಾಳವಿರುವಾಗ ದೊಡ್ಡ ಆಪರೇಷನ್ ಮಾಡುವುದು ಅಪಾಯ. ಮೊದಲು ಸಲೈನ್, ಆಂಟಿಬಯೋಟಿಕ್, ಮತ್ತು ಕಟ್ಟಿಕೊಂಡ ಪಿತ್ತಕ್ಕೆ ದಾರಿ. ದಾರಿ ಮಾಡುವುದು ಎರಡು ರೀತಿ. ಬಾಯಿಂದ ಎಂಡೋಸ್ಕೋಪ್ ಇಳಿಸಿ, ಕರುಳಿನಲ್ಲಿ ಪಿತ್ತನಾಳ ತೆರೆಯುವ ಬಾಯಿಯನ್ನು ಹುಡುಕಿ, ಅಲ್ಲಿಂದ ಮೇಲಕ್ಕೆ ಒಂದು ಪ್ಲಾಸ್ಟಿಕ್ ಕೊಳವೆ ಕೂರಿಸುವುದು ಒಂದು. ಇದೇ ಇಆರ್‌ಸಿಪಿ. ಇನ್ನೊಂದು, ಸ್ಕ್ಯಾನಿಂಗ್ ನೋಡುತ್ತ ಪಕ್ಕೆಲುಬಿನ ಸಂದಿಯಿಂದ ಸೂಜಿ ಚುಚ್ಚಿ, ಉಬ್ಬಿದ ನಾಳಕ್ಕೆ ಸಣ್ಣ ಟ್ಯೂಬ್ ಹಾಕಿ ಪಿತ್ತವನ್ನು ಹೊರಗೆ ಚೀಲಕ್ಕೆ ಬಿಡುವುದು. ಮನೆಯವರಿಗೆ ಹೊರಗೆ ನೇತಾಡುವ ಚೀಲ ನೋಡಿ ಗಾಬರಿ. ಆದರೆ ಅದರಲ್ಲಿ ಕಲಕು ಪಿತ್ತ ಇಳಿಯತೊಡಗಿದರೆ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಜ್ವರ ಇಳಿಯುತ್ತದೆ.

ಜೊತೆಗೆ ವಿಟಮಿನ್ ಕೆ ಇಂಜೆಕ್ಷನ್ ಕೊಡುತ್ತೇವೆ. ಪಿತ್ತ ಕರುಳಿಗೆ ಬರದಿದ್ದರೆ ಊಟದಲ್ಲಿನ ವಿಟಮಿನ್ ಕೆ ಮೈಗೆ ಹತ್ತುವುದಿಲ್ಲ. ಅದಿಲ್ಲದೆ ರಕ್ತ ಹೆಪ್ಪುಗಟ್ಟುವುದಿಲ್ಲ. ಆಪರೇಷನ್ ಮುಂಚೆ ಇದು ಸರಿಯಾಗಲೇಬೇಕು.

ರೋಗಿ ಸುಧಾರಿಸಿದ ಮೇಲೆ ನಕ್ಷೆ ತಯಾರಿಸುವ ಕೆಲಸ. ಅಲ್ಟ್ರಾಸೌಂಡ್ ಮೊದಲ ಸುಳಿವು ಕೊಡುತ್ತದೆ. ಆದರೆ ಹಿಂದೆ ಇಆರ್‌ಸಿಪಿ ಆದವರಲ್ಲಿ ನಾಳದೊಳಗೆ ಗಾಳಿ ಹೋಗಿರುತ್ತದೆ. ಸ್ಕ್ಯಾನಿಂಗಿನಲ್ಲಿ ಆ ಗಾಳಿಯೂ ಹರಳಿನಂತೆಯೇ ಹೊಳೆದು ಮೋಸ ಮಾಡುತ್ತದೆ. ಅದಕ್ಕೆ ಎಂಆರ್‌ಸಿಪಿ ಬೇಕು. ಇದು ಎಂಆರ್‌ಐ ಯಂತ್ರದಲ್ಲೇ ತೆಗೆಯುವ ಪಿತ್ತನಾಳದ ಚಿತ್ರ. ಎಕ್ಸ್‌ರೇ ಕಿರಣ ಇಲ್ಲ, ನಾಳದ ಚಿತ್ರಕ್ಕೆ ಬಣ್ಣದ ಇಂಜೆಕ್ಷನ್ನೂ ಬೇಕಿಲ್ಲ. ಪೇಸ್‌ಮೇಕರ್ ಅಥವಾ ಮೈಯಲ್ಲಿ ಲೋಹದ ಸಾಮಾನು ಇದ್ದರೆ ಮಾತ್ರ ಮೊದಲೇ ಹೇಳಬೇಕು.

ನಿಮ್ಮ ಕೈಯಲ್ಲಿರುವ ಎಂಆರ್‌ಸಿಪಿ ಫಿಲ್ಮನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಕಪ್ಪು ಹಿನ್ನೆಲೆಯಲ್ಲಿ ಬೆಳ್ಳಗೆ ಕವಲೊಡೆದು ಕಾಣುವುದು ಪಿತ್ತ. ಆ ಬಿಳಿಯ ನಡುವೆ ಕಪ್ಪು ಚುಕ್ಕೆ ಇದ್ದರೆ ಅದು ಹರಳು. ಬಿಳಿ ಗೆರೆ ದಪ್ಪಗಾಗಿ ಬಂದು, ಒಮ್ಮೆಲೇ ಸಣ್ಣಗಾಗಿ ಅಥವಾ ಮಾಯವಾಗಿ, ಮುಂದೆ ಮತ್ತೆ ಶುರುವಾದರೆ ಅಲ್ಲಿ ನಾಳ ಕಿರಿದಾಗಿದೆ. ಸರ್ಜನ್ ಫಿಲ್ಮಿನಲ್ಲಿ ಹರಳು ಎಣಿಸುವುದಿಲ್ಲ. ಅವರ ಕಣ್ಣು ಹುಡುಕುವುದು ಈ ಕಿರಿದಾದ ಜಾಗವನ್ನು. ಆಮೇಲೆ ಸಿಟಿ ಸ್ಕ್ಯಾನಿನಲ್ಲಿ ನೋಡುವುದು ಆ ಭಾಗದ ಲಿವರ್ ಇನ್ನೂ ಜೀವಂತ ಇದೆಯೋ ಅಥವಾ ಸೊರಗಿ ಮುದುಡಿದೆಯೋ ಎಂದು. ವರ್ಷಗಟ್ಟಲೆ ಪಿತ್ತ ನಿಂತ ಭಾಗ ಕುಗ್ಗುತ್ತದೆ. ಅದರ ಕೆಲಸವನ್ನು ಉಳಿದ ಭಾಗ ವಹಿಸಿಕೊಂಡು ದೊಡ್ಡದಾಗುತ್ತದೆ. ಅದರ ಜೊತೆಗೆ ರಕ್ತನಾಳ ಮುಚ್ಚಿದೆಯೇ, ಗಡ್ಡೆ ಏನಾದರೂ ಇದೆಯೇ ಎಂಬುದೂ ಸಿಟಿಯಲ್ಲಿ ಗೊತ್ತಾಗುತ್ತದೆ.

ಎಲ್ಲರೂ ಕೇಳುವುದು ಒಂದೇ: "ಬಾಯಿಂದ ನಳಗಿ ಬಿಟ್ಟು ತಗೀತಾರಂತಲ್ರೀ, ಹೊಟ್ಟಿ ಯಾಕ ಕೊಯ್ಯಬೇಕು?"

ದೊಡ್ಡ ನಾಳದ ಹರಳಿಗೆ ಇಆರ್‌ಸಿಪಿಯೇ ಸರಿ. ಈ ವಿಧಾನ ಮೊದಲು ಶುರುವಾದದ್ದು 1968ರಲ್ಲಿ, ಬರೀ ಚಿತ್ರ ತೆಗೆಯುವುದಕ್ಕೆ. 1974ರಲ್ಲಿ ಜರ್ಮನಿ ಮತ್ತು ಜಪಾನಿನ ವೈದ್ಯರು ನಾಳದ ಬಾಯಿಯನ್ನು ಸ್ವಲ್ಪ ಕೊಯ್ದು ಅಗಲ ಮಾಡಿ ಹರಳು ತೆಗೆಯುವುದನ್ನು ತೋರಿಸಿದರು. ಅಲ್ಲಿಂದ ಎಷ್ಟೋ ಜನ ಹೊಟ್ಟೆ ಕೊಯ್ಸಿಕೊಳ್ಳುವುದು ತಪ್ಪಿತು. ಆದರೆ ಲಿವರಿನ ಒಳಗೆ ಎಂಡೋಸ್ಕೋಪಿನ ತಂತಿ, ಹರಳು ಹಿಡಿಯುವ ಸಣ್ಣ ಬುಟ್ಟಿ ಹೋಗಬೇಕಾದರೆ ಕೆಳಗಿನಿಂದ ಮೇಲಕ್ಕೆ, ತಿರುವಿನ ಮೇಲೆ ತಿರುವು ಹಾದು ಹೋಗಬೇಕು. ಕಿರಿದಾದ ಜಾಗದ ಆಚೆ ಹರಳು ಒತ್ತಿ ಕೂತಿರುತ್ತದೆ. ಅಲ್ಲಿ ಬುಟ್ಟಿ ಬಿಚ್ಚಿಕೊಳ್ಳುವುದೇ ಇಲ್ಲ. ಬಿಚ್ಚಿಕೊಂಡು ನಾಲ್ಕು ಹರಳು ಬಂದರೂ ಕಿರಿದಾದ ನಾಳ ಅಲ್ಲೇ ಉಳಿಯುತ್ತದೆ.

ಪಕ್ಕೆಲುಬಿನ ಸಂದಿಯಿಂದ ಹಾಕಿದ ಟ್ಯೂಬಿನ ದಾರಿಯನ್ನೇ ಹಂತಹಂತವಾಗಿ ಅಗಲ ಮಾಡಿ, ಅದರೊಳಗೆ ತೆಳು ದೂರ್ಬೀನು ಬಿಟ್ಟು, ಲೇಸರಿನಿಂದ ಹರಳು ಪುಡಿ ಮಾಡುವುದೂ ಉಂಟು. ದೊಡ್ಡ ಆಪರೇಷನ್ ತಡೆಯಲಾರದ ವಯಸ್ಸಾದವರಿಗೆ, ಲಿವರಿನ ಎರಡೂ ಕಡೆ ಹರಳು ಹರಡಿಕೊಂಡವರಿಗೆ ಇದು ಒಳ್ಳೆಯ ದಾರಿ. ಆದರೆ ಹಲವು ಸಲ ಬರಬೇಕು, ತಾಳ್ಮೆ ಬೇಕು. ನಾಳದ ತೊಂದರೆ ಉಳಿದರೆ ಹರಳು ಮರಳಿ ಬರುವ ಸಂಭವವೂ ಜಾಸ್ತಿ.

ಇನ್ನು ಆಪರೇಷನ್. ಹಾಳಾದ ಭಾಗ ತೆಗೆ, ಹರಳು ತೆಗೆ, ಕಿರಿದಾದ ನಾಳ ಸರಿಮಾಡು, ಪಿತ್ತಕ್ಕೆ ದಾರಿ ಮಾಡು. ಚೀನಾದ ಸರ್ಜನ್ನರು ದಶಕಗಳ ಅನುಭವದಿಂದ ಕಂಡುಕೊಂಡ ಸೂತ್ರ ಇದು. ಈ ರೋಗಕ್ಕೆ ಲಿವರಿನ ಭಾಗವನ್ನೇ ತೆಗೆಯುವ ಪದ್ಧತಿಯನ್ನು 1950ರ ದಶಕದ ಕೊನೆಗೆ ಅಲ್ಲಿ ಶುರು ಮಾಡಿದವರು ಹುವಾಂಗ್ ಝಿಚಿಯಾಂಗ್.

"ಲಿವರ್ ಕತ್ತರಿಸೋದಾ?" ಎಂದ ಕೂಡಲೇ ಮನೆಯವರ ಮುಖ ಬಿಳಿಚುತ್ತದೆ. ಹೆದರಿಕೆ ಸಹಜ. ಆದರೆ ಲಿವರಿನ ರಚನೆಯೇ ಇದಕ್ಕೆ ಅನುಕೂಲವಾಗಿದೆ. 1957ರಲ್ಲಿ ಫ್ರಾನ್ಸಿನ ಕ್ಲೋದ್ ಕ್ವಿನೋ ಲಿವರನ್ನು ಎಂಟು ಭಾಗಗಳಾಗಿ ಗುರುತಿಸಿದರು. ಪ್ರತಿ ಭಾಗಕ್ಕೂ ತನ್ನದೇ ರಕ್ತನಾಳ, ತನ್ನದೇ ಪಿತ್ತನಾಳ. ಹೀಗಾಗಿ ಒಂದೆರಡು ಭಾಗ ತೆಗೆದರೂ ಉಳಿದವು ತಮ್ಮ ಪಾಡಿಗೆ ಕೆಲಸ ಮಾಡುತ್ತವೆ. ಆರೋಗ್ಯವಾಗಿರುವ ಲಿವರಿನಲ್ಲಿ ಕಾಲುಭಾಗದಿಂದ ಮೂರನೇ ಒಂದು ಭಾಗ ಉಳಿದರೂ ಸಾಕು, ಕೆಲವು ವಾರ, ತಿಂಗಳುಗಳಲ್ಲಿ ಅದು ಬೆಳೆದು ಸಾಕಷ್ಟು ದೊಡ್ಡದಾಗುತ್ತದೆ. ಹೀಗೆ ಬೆಳೆಯುವ ದೊಡ್ಡ ಅಂಗ ಮೈಯಲ್ಲಿ ಇನ್ನೊಂದಿಲ್ಲ. ಕಾಮಣಿ ಬಹಳ ದಿನ ಇದ್ದವರಲ್ಲಿ, ಸಿರೋಸಿಸ್ ಆಗಿ ಲಿವರ್ ಗಟ್ಟಿಯಾದವರಲ್ಲಿ ಇದಕ್ಕಿಂತ ಜಾಸ್ತಿ ಉಳಿಸಬೇಕಾಗುತ್ತದೆ. ಆ ಲೆಕ್ಕವನ್ನು ಸಿಟಿ ನೋಡಿ ಮೊದಲೇ ಹಾಕಿರುತ್ತಾರೆ. ಇನ್ನೊಂದು ಮಾತು: ಇಲ್ಲಿ ತೆಗೆಯುವ ಭಾಗ ಹೆಚ್ಚಿನವರಲ್ಲಿ ಮೊದಲೇ ಕುಗ್ಗಿ, ಕೆಲಸ ನಿಲ್ಲಿಸಿರುತ್ತದೆ. ಅದು ಕೊಡುತ್ತಿದ್ದುದು ಜ್ವರ ಮಾತ್ರ.

ಹೆಚ್ಚು ಸಲ ತೆಗೆಯುವುದು ಎಡತುದಿಯ ಎರಡು ಭಾಗಗಳನ್ನು, 2 ಮತ್ತು 3ನೆಯದನ್ನು. ಅನುಭವ ಇರುವ ಕೈಯಲ್ಲಿ ಇದನ್ನು ದೂರ್ಬೀನಿನಿಂದಲೂ ಮಾಡಬಹುದು. ಹಿಂದೆ ಆಪರೇಷನ್ ಆಗಿ ಕರುಳು ಅಂಟಿಕೊಂಡಿದ್ದರೆ ಹೊಟ್ಟೆ ತೆರೆಯುವುದೇ ಒಳ್ಳೆಯದು. ಬಲ ಪಕ್ಕೆಯ ಕೆಳಗೆ ಉದ್ದ ಕೊಯ್ತ ಹಾಕುತ್ತಾರೆ. ಲಿವರಿನ ಮೇಲೆ ಅಲ್ಟ್ರಾಸೌಂಡಿನ ಸಣ್ಣ ಪ್ರೋಬ್ ಇಟ್ಟು ಹರಳು ಎಲ್ಲಿಂದ ಎಲ್ಲಿಯ ತನಕ ಇದೆ, ದೊಡ್ಡ ರಕ್ತನಾಳ ಎಲ್ಲಿ ಹಾದಿದೆ ಎಂದು ಮತ್ತೊಮ್ಮೆ ನೋಡುತ್ತಾರೆ. ಲಿವರ್ ತುಂಬ ರಕ್ತ. ಅದಕ್ಕೆ ರಕ್ತ ಬರುವ ದಾರಿಯನ್ನೇ ಸ್ವಲ್ಪ ಹೊತ್ತು ಬಿಗಿಹಿಡಿಯುವ ಉಪಾಯವನ್ನು 1908ರಲ್ಲಿ ಗ್ಲಾಸ್ಗೋದ ಪ್ರಿಂಗಲ್ ಎಂಬ ಸರ್ಜನ್ ಬರೆದಿಟ್ಟರು. ಇವತ್ತಿಗೂ ಅದೇ ನಡೆಯುತ್ತದೆ. ಹದಿನೈದು ನಿಮಿಷ ಬಿಗಿ, ಐದು ನಿಮಿಷ ಸಡಿಲ, ಮತ್ತೆ ಬಿಗಿ. ಪಕ್ಕದಲ್ಲಿ ಒಬ್ಬರು ಗಡಿಯಾರ ನೋಡಿ ಕೂಗುತ್ತಿರುತ್ತಾರೆ.

ತೆಗೆದ ಭಾಗವನ್ನು ಪಕ್ಕದ ಟೇಬಲ್ಲಿನ ಮೇಲೆ ಇಟ್ಟು ಸೀಳಿ ನೋಡುತ್ತೇವೆ. ಒಳ್ಳೆಯ ಲಿವರ್ ಮೆತ್ತಗೆ, ಕೆಂಗಂದು ಬಣ್ಣ. ಇದು ಮುದುಡಿ ಬೂದುಗಟ್ಟಿರುತ್ತದೆ, ಚಾಕು ಒತ್ತಿ ಹಾಯಿಸಬೇಕು. ನಾಳದ ಗೋಡೆ ದಪ್ಪ, ಬಿಳಿ. ಒಳಗೆ ಒಂದರ ಹಿಂದೊಂದು ಕಂದು ಹರಳು, ನಾಳದ ಆಕಾರಕ್ಕೇ ಅಚ್ಚಾಗಿ ಕೂತಿರುತ್ತವೆ. ಗ್ಲೌಸಿನ ಬೆರಳಲ್ಲಿ ಒತ್ತಿದರೆ ಕೆಸರಾಗುತ್ತವೆ, ನಾತ ಬರುತ್ತದೆ. ಇದನ್ನು ಮನೆಯವರಿಗೆ ತೋರಿಸಿದ ಮೇಲೆ "ಬರೇ ಹಳ್ಳು ತಗದು ಬಿಡಬೇಕಿತ್ತು" ಎಂಬ ಮಾತು ಮತ್ತೆ ಬರುವುದಿಲ್ಲ. ಆ ತುಂಡು ಕಡ್ಡಾಯವಾಗಿ ಪೆಥಾಲಜಿಗೆ ಹೋಗಬೇಕು. ವರ್ಷಗಟ್ಟಲೆ ಹುಣ್ಣಾದ ನಾಳದಲ್ಲಿ ಕ್ಯಾನ್ಸರ್ ಹುಟ್ಟಬಹುದು. ಬೇರೆ ಬೇರೆ ದೇಶಗಳ ವರದಿಗಳಲ್ಲಿ ಒಳನಾಳದ ಹರಳಿರುವ ನೂರು ಜನರಲ್ಲಿ ಸುಮಾರು 2ರಿಂದ 10 ಜನರಲ್ಲಿ ಅದು ಕಂಡಿದೆ. ಹಾಳಾದ ಭಾಗ ತೆಗೆಯುವುದರ ಹಿಂದಿನ ದೊಡ್ಡ ಕಾರಣಗಳಲ್ಲಿ ಇದೂ ಒಂದು.

ಎಲ್ಲರಿಗೂ ಲಿವರ್ ತೆಗೆಯಬೇಕೆಂದಿಲ್ಲ. ಲಿವರ್ ಚೆನ್ನಾಗಿದ್ದು, ನಾಳ ಕಿರಿದಾಗದೆ ಹರಳು ಮಾತ್ರ ಇದ್ದರೆ ದೊಡ್ಡ ನಾಳವನ್ನು ಉದ್ದಕ್ಕೆ ತೆರೆದು, ತೆಳು ದೂರ್ಬೀನನ್ನು ಒಳಗೆ ಬಿಟ್ಟು, ಒಂದೊಂದೇ ಕವಲಿಗೆ ಹೋಗಿ ಬುಟ್ಟಿಯಿಂದ ಹರಳು ತೆಗೆಯುತ್ತಾರೆ. ನೀರು ಹಾಯಿಸಿ ತೊಳೆಯುತ್ತಾರೆ. ಕೊನೆಗೆ ಟಿ ಆಕಾರದ ರಬ್ಬರ್ ಟ್ಯೂಬ್ ಇಟ್ಟು ಹೊಲಿಯುತ್ತಾರೆ.

ಎರಡು ನಾಳ ಕೂಡುವ ಜಾಗದಲ್ಲೇ ಕಿರಿದಾಗಿದ್ದರೆ, ಅಥವಾ ಹಿಂದಿನ ಆಪರೇಷನ್ನಿನಲ್ಲಿ ನಾಳಕ್ಕೆ ಪೆಟ್ಟಾಗಿದ್ದರೆ ಆ ಜಾಗವನ್ನು ಉದ್ದಕ್ಕೆ ಸೀಳಿ ಅಗಲ ಮಾಡಿ, ಸಣ್ಣ ಕರುಳಿನ ಒಂದು ತುಂಡನ್ನು ಮೇಲೆ ತಂದು ಅದಕ್ಕೆ ಹೊಲಿಯುತ್ತಾರೆ. ಪಿತ್ತ ಆಮೇಲೆ ಹಳೆಯ ನಾಳ ಬಿಟ್ಟು ನೇರ ಈ ಕರುಳಿಗೆ ಇಳಿಯುತ್ತದೆ. ಊಟ ಅದರೊಳಗೆ ಹಿಂದಕ್ಕೆ ನುಗ್ಗಬಾರದು ಅಂತ ಸುಮಾರು ಅರ್ಧ ಮೀಟರಿನಷ್ಟು ಉದ್ದ ಬಿಟ್ಟು ಕೆಳಗೆ ಜೋಡಿಸುತ್ತಾರೆ. ಇದನ್ನು ನಾಳ ನಿಜವಾಗಿ ಕೆಟ್ಟಿದ್ದಾಗ ಮಾತ್ರ ಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೇಲೆ ಕಿರಿದಾದ ನಾಳ ಬಿಟ್ಟು, ಕೆಳಗೆ ಕರುಳು ಹೊಲಿದರೆ ಕರುಳಿನ ಬ್ಯಾಕ್ಟೀರಿಯಾಕ್ಕೆ ಬಾಗಿಲು ತೆರೆದಂತಾಯಿತು, ಅಷ್ಟೇ. ಹರಳು ಮರಳಿ ಬರುವ ಸಂಭವ ಹೆಚ್ಚಿದ್ದರೆ ಆ ಕರುಳಿನ ಒಂದು ತುದಿಯನ್ನು ಹೊಟ್ಟೆಯ ಚರ್ಮದ ಕೆಳಗೇ ಹೊಲಿದು ಗುರುತು ಇಡುವುದೂ ಉಂಟು. ಮುಂದೆ ಬೇಕಾದಾಗ ಅಲ್ಲಿ ಸಣ್ಣ ಕೊಯ್ತ ಹಾಕಿ ದೂರ್ಬೀನು ಬಿಡಬಹುದು, ಮತ್ತೆ ಹೊಟ್ಟೆ ತೆರೆಯಬೇಕಾಗಿಲ್ಲ. ಎರಡೂ ಕಡೆ ಲಿವರ್ ಪೂರಾ ಹಾಳಾಗಿ ಸಿರೋಸಿಸ್ ಆದವರಿಗೆ ಲಿವರ್ ಕಸಿ ಒಂದೇ ದಾರಿ. ಅಂಥವರು ಕಡಿಮೆ.

ಆಪರೇಷನ್ ಆದ ಮೇಲಿನ ದಿನಗಳ ಬಗ್ಗೆ ಮುಚ್ಚುಮರೆ ಬೇಡ. ಕೊಯ್ದ ಜಾಗದಿಂದ ಪಿತ್ತ ಸೋರಬಹುದು. ಹೆಚ್ಚಿನವರಲ್ಲಿ ಪಕ್ಕದ ಡ್ರೇನ್ ಟ್ಯೂಬಿನಿಂದ ಹೊರಬಂದು ತಾನಾಗಿ ನಿಲ್ಲುತ್ತದೆ, ಕೆಲವರಿಗೆ ಇಆರ್‌ಸಿಪಿ ಮಾಡಿ ಕೊಳವೆ ಹಾಕಬೇಕಾಗುತ್ತದೆ. ಪಿತ್ತದಲ್ಲಿ ಮೊದಲೇ ಸೋಂಕು ಇರುವುದರಿಂದ ಹೊಲಿಗೆಯಲ್ಲಿ ಕೀವಾಗುವುದು ಸ್ವಲ್ಪ ಜಾಸ್ತಿ. ರಕ್ತಸ್ರಾವ, ಲಿವರ್ ಸೋಲುವುದು ಅಪರೂಪ, ಆದರೆ ಆಗಬಹುದು. ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮುಂಚೆ ಇದನ್ನೆಲ್ಲ ಕೇಳಿ ತಿಳಿಯುವುದು ನಿಮ್ಮ ಹಕ್ಕು.

ಟಿ ಟ್ಯೂಬಿನಿಂದ ಮೊದಲ ದಿನಗಳಲ್ಲಿ ದಿನಕ್ಕೆ 300ರಿಂದ 500 ಮಿಲಿಲೀಟರ್ ಪಿತ್ತ ಬರುವುದು ಮಾಮೂಲು. ಬರುಬರುತ್ತ ಕಡಿಮೆಯಾಗುತ್ತದೆ. ಮನೆಗೆ ಟ್ಯೂಬಿನ ಸಮೇತ ಕಳಿಸಿದರೆ ಮೂರು ವಿಷಯ ಬರೆದಿಡಿ: ದಿನಕ್ಕೆ ಎಷ್ಟು ಬಂತು, ಯಾವ ಬಣ್ಣ, ಜ್ವರ ಇತ್ತೋ ಇಲ್ಲವೋ. ಚೀಲ ಯಾವಾಗಲೂ ಹೊಟ್ಟೆಗಿಂತ ಕೆಳಗಿರಲಿ. ಬಸ್ಸಿನಲ್ಲಿ ಊರಿಗೆ ಹೋಗುವಾಗ ಸೀರೆ ಸೆರಗಿಗೋ, ಪಂಚೆಗೋ ಸಿಕ್ಕು ಟ್ಯೂಬ್ ಜಗ್ಗದಂತೆ ಪ್ಲಾಸ್ಟರ್ ಹಚ್ಚಿಸಿಕೊಳ್ಳಿ. ಒಮ್ಮೆಲೇ ಪಿತ್ತ ಬರುವುದು ನಿಂತು ಹೊಟ್ಟೆನೋವು ಶುರುವಾದರೆ, ಟ್ಯೂಬ್ ಜಾರಿ ಬಂದರೆ, ಅವತ್ತೇ ಆಸ್ಪತ್ರೆಗೆ ಬನ್ನಿ. ಟ್ಯೂಬ್ ತೆಗೆಯುವ ಮುಂಚೆ ಅದರೊಳಗೆ ಬಣ್ಣ ಬಿಟ್ಟು ಎಕ್ಸ್‌ರೇ ತೆಗೆಯುತ್ತಾರೆ. ಹರಳು ಉಳಿದಿದ್ದರೆ ಸುಮಾರು ಆರು ವಾರ ಕಾದು, ಗಟ್ಟಿಯಾದ ಅದೇ ದಾರಿಯಿಂದ ದೂರ್ಬೀನು ಬಿಟ್ಟು ತೆಗೆಯುತ್ತಾರೆ. ಈ ರೋಗದಲ್ಲಿ ಹರಳು ಉಳಿಯುವುದು ಅಪರೂಪವಲ್ಲ. ಅದನ್ನು ನೋಡಿ ಆಪರೇಷನ್ ಫೇಲ್ ಆಯ್ತು ಅಂದುಕೊಳ್ಳಬೇಡಿ. ಆ ಟ್ಯೂಬನ್ನು ಇಟ್ಟಿದ್ದೇ ಇದಕ್ಕೆ.

ಊಟದ ಬಗ್ಗೆ ಬಹಳ ಪಥ್ಯ ಬೇಡ. ಗಾಯ ಮಾಯಬೇಕಾದರೆ ಪ್ರೋಟೀನ್ ಬೇಕು. ಜೋಳದ ರೊಟ್ಟಿ, ಬೇಳೆ, ಮೊಸರು, ಮೊಟ್ಟೆ ತಿನ್ನುವವರು ಮೊಟ್ಟೆ, ಎಲ್ಲ ನಡೆಯುತ್ತದೆ. ಮೊದಲ ಕೆಲವು ವಾರ ಕರಿದದ್ದು ಕಡಿಮೆ ಇರಲಿ. ಬಾಣಂತಿಗೆ ಕೊಟ್ಟ ಹಾಗೆ ಬರೀ ಗಂಜಿ ಕುಡಿಸಿ ರೋಗಿಯನ್ನು ಸೊರಗಿಸಬೇಡಿ. ದಾರು ಮಾತ್ರ ಪೂರಾ ಬಂದ್.

ಇದು ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಆಗುವ ಆಪರೇಷನ್ ಅಲ್ಲ. ಇಆರ್‌ಸಿಪಿ, ಟ್ಯೂಬ್ ಹಾಕುವ ರೇಡಿಯಾಲಜಿಸ್ಟ್, ಲಿವರ್ ಆಪರೇಷನ್ ಮಾಡಿ ರೂಢಿ ಇರುವ ಸರ್ಜನ್, ಐಸಿಯು, ರಕ್ತನಿಧಿ ಇವೆಲ್ಲ ಒಂದೇ ಕಡೆ ಇರಬೇಕು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರರಲ್ಲೂ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳಿವೆ. ಮೊದಲು ಅಲ್ಲಿಯ ಸರ್ಜರಿ ವಿಭಾಗದಲ್ಲಿ ತೋರಿಸಿ. ಅಲ್ಲಿ ಆಗದ್ದಿದ್ದರೆ ಎಲ್ಲಿಗೆ ಹೋಗಬೇಕು ಎಂದು ಅವರೇ ಬರೆದು ಕೊಡುತ್ತಾರೆ. ಯಾರೋ ಹೇಳಿದರು ಎಂದು ನೇರ ಮಿರಜಿಗೋ ಸೊಲ್ಲಾಪುರಕ್ಕೋ ಗಾಡಿ ಮಾಡಿಕೊಂಡು ಓಡಿದರೆ ದುಡ್ಡೂ ಹೋಗುತ್ತದೆ, ಹೊತ್ತೂ ಹೋಗುತ್ತದೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆಯ ಅವಕಾಶವಿದೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗುತ್ತದೆ. ರೇಷನ್ ಕಾರ್ಡ್, ಆಧಾರ್ ಮನೆಯಲ್ಲಿ ಬಿಟ್ಟು ಬರಬೇಡಿ. ಅಡ್ಮಿಟ್ ಆಗುವ ಮುಂಚೆಯೇ ಆಸ್ಪತ್ರೆಯ ಯೋಜನೆ ಕೌಂಟರಿನಲ್ಲಿ ಕೇಳಿ.

ಡಾಕ್ಟರನ್ನು ಏನು ಕೇಳಬೇಕು ಎಂದು ಗೊತ್ತಾಗುವುದಿಲ್ಲ ಎನ್ನುವವರಿಗೆ: ಹರಳು ಒಂದೇ ಕಡೆ ಇದೆಯೋ ಎರಡೂ ಕಡೆಯೋ? ನಾಳ ಎಲ್ಲಿ ಕಿರಿದಾಗಿದೆ? ಆ ಭಾಗದ ಲಿವರ್ ಕುಗ್ಗಿದೆಯೇ? ಕ್ಯಾನ್ಸರಿನ ಸಂಶಯ ಇದೆಯೇ? ನೀವು ಮಾಡುವ ಆಪರೇಷನ್ ಆ ಕಿರಿದಾದ ಜಾಗಕ್ಕೆ ಏನು ಮಾಡುತ್ತದೆ? ಕೊನೆಯ ಪ್ರಶ್ನೆಗೆ ಸರಿಯಾದ ಉತ್ತರ ಸಿಗುವ ತನಕ ಕೇಳಿ. ಕೇಳಿದರೆ ಬೇಜಾರಾಗುವ ವಿಷಯವಲ್ಲ ಇದು.

ಡಿಸ್ಚಾರ್ಜ್ ಆದ ಮೇಲೆ ಆರು ತಿಂಗಳಿಗೊಮ್ಮೆ ಲಿವರ್ ಟೆಸ್ಟ್, ಅಲ್ಟ್ರಾಸೌಂಡ್ ಮಾಡಿಸಿಕೊಳ್ಳುತ್ತ ಹೋಗಬೇಕು. ಹರಳು ಐದಾರು ವರ್ಷ ಬಿಟ್ಟೂ ಬರಬಹುದು. ಡಿಸ್ಚಾರ್ಜ್ ಕಾರ್ಡಿನ ಜೊತೆ ಆಪರೇಷನ್ ನೋಟ್ಸಿನ ಝೆರಾಕ್ಸ್ ಮತ್ತು ಪೆಥಾಲಜಿ ರಿಪೋರ್ಟ್ ಕೇಳಿ ತೆಗೆದುಕೊಳ್ಳಿ, ಫೋನಿನಲ್ಲಿ ಫೋಟೋ ತೆಗೆದಿಡಿ. ಮುಂದೆ ಎಂದಾದರೂ ಚಳಿಜ್ವರ ಬಂದು ಬೇರೆ ಊರಿನ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ, ಜ್ವರ ಎನ್ನುವ ಮುಂಚೆ "ನನಗೆ ಪಿತ್ತನಾಳದ ಆಪರೇಷನ್ ಆಗಿದೆ" ಎಂದು ಹೇಳಿ. ನಾಳವನ್ನು ಕರುಳಿಗೆ ಜೋಡಿಸಿದವರಾದರೆ ಅದನ್ನೂ ಹೇಳಿ. ಅಂಥವರಿಗೆ ಬಾಯಿಂದ ಮಾಡುವ ಮಾಮೂಲಿ ಇಆರ್‌ಸಿಪಿ ನಾಳದ ತನಕ ಮುಟ್ಟುವುದು ಕಷ್ಟ, ಬೇರೆ ದಾರಿ ಹುಡುಕಬೇಕಾಗುತ್ತದೆ.